ಡಿಕ್ಕಿಯ ದಿಬ್ಬ, ಅದರ ಮೇಲೊಂದು ಹಲಗೆ

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಗಾಡಿ ಓಡಿಸುವ ಟೊಯೊಟಾ ಸ್ಟ್ರಾಂಗ್ ಹೈಬ್ರಿಡ್ ಹೈರೈಡರ್‌ನ ಡಿಕ್ಕಿ ಬಾಗಿಲು ಎತ್ತಿದವರ ಬಾಯಲ್ಲಿ ಮೊದಲು ಬರುವ ಮಾತು 'ಇಷ್ಟೇನಾ?' ಅನ್ನುವುದೇ. ಹೊರಗಿನಿಂದ ನೋಡಿದರೆ ಭರ್ಜರಿ ಎಸ್‌ಯುವಿ. ಒಳಗೆ ನೋಡಿದರೆ ನೆಲ ದಿಬ್ಬದಂತೆ ಮೇಲೆದ್ದಿದೆ. ಎರಡು ದೊಡ್ಡ ಸೂಟ್‌ಕೇಸ್ ಇಟ್ಟರೆ ಮೂರನೆಯದಕ್ಕೆ ಜಾಗ ಹುಡುಕಬೇಕು, ಊರಿಂದ ತಂದ ತೆಂಗಿನಕಾಯಿ ಮೂಟೆ ನೆಟ್ಟಗೆ ನಿಲ್ಲುವುದಿಲ್ಲ. ತಪ್ಪು ಬ್ಯಾಟರಿಯದ್ದು, ತಪ್ಪು ಅನ್ನಬಹುದಾದರೆ. ಸ್ಟೀರಿಂಗ್ ಹಿಡಿದವರಿಗೆ ಪೆಟ್ರೋಲ್ ಉಳಿಸಿಕೊಡುವ 177.6 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ ಕೂತಿರುವುದು ಅಲ್ಲೇ, ಡಿಕ್ಕಿಯ ನೆಲದಡಿ.

ಇದು ಒಂದು ಗಾಡಿಯ ಕಥೆಯಲ್ಲ. 2022ರಲ್ಲಿ ಟೊಯೊಟಾದ ಬಿಡದಿ ಕಾರ್ಖಾನೆಯಿಂದ ಹೈರೈಡರ್ ಜೊತೆಗೇ ಹೊರಬಂದ ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ನದ್ದೂ ಇದೇ ಪಾಡು. ಹೋಂಡಾ ಸಿಟಿಯಲ್ಲಿ ಪೆಟ್ರೋಲ್ ಕಾರಿನ ಡಿಕ್ಕಿ 506 ಲೀಟರ್ ಇದ್ದರೆ ಹೈಬ್ರಿಡ್‌ನದ್ದು 306. ಅಮೆರಿಕದಲ್ಲಿ ಟೊಯೊಟಾದ್ದೇ 2024ರ ಲ್ಯಾಂಡ್ ಕ್ರೂಸರ್ ಕೊಂಡವರು, 2025ರ ಹೈಬ್ರಿಡ್ ಫೋರ್‌ರನ್ನರ್ ಕೊಂಡವರು ಹಲವರು ಎತ್ತರದ ನೆಲದ ಬಗ್ಗೆ ಗೊಣಗಿದವರೇ. ಅಲ್ಲೂ ಬ್ಯಾಟರಿ ಸಾಮಾನು ಇಡುವ ಜಾಗದ ಕೆಳಗಿದೆ. ಟೊಯೊಟಾದ ಇನ್ನೊಂದು ದೊಡ್ಡ ಎಸ್‌ಯುವಿ ಸಿಕೋಯಾದಲ್ಲಿ ಮೂರನೇ ಸಾಲಿನ ಸೀಟು ಮಡಚಿದರೂ ನೆಲಕ್ಕೆ ಸಮನಾಗುವುದಿಲ್ಲ. ಅದಕ್ಕೆಂದೇ ಕಂಪನಿಯವರು ಏರಿಸಿ ಇಳಿಸುವ ಒಂದು ಹಲಗೆಯನ್ನು ಗಾಡಿಯ ಜೊತೆಗೇ ಕೊಟ್ಟರು. ಬ್ಯಾಟರಿಯನ್ನು ಮುಂದಿನ ಸೀಟಿನ ಕೆಳಗೆ ಕೂರಿಸಿದ ಇನ್ನೋವಾ ಹೈಕ್ರಾಸ್‌ಗೆ ಈ ತೊಂದರೆಯಿಲ್ಲ. ಅದೂ ಬಿಡದಿಯ ಕೂಸೇ.

ಅಮೆರಿಕದಲ್ಲಿ ಇಂಥ ಗಾಡಿಗಳ ದಿಬ್ಬದ ಮೇಲೆ ಹಾಸಿ ನೆಲ ಸಮ ಮಾಡಲು ಅಳತೆಗೆ ಸರಿಯಾಗಿ ಕೊರೆದ ರೆಡಿಮೇಡ್ ಹಲಗೆಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಬೋಲ್ಟು ವಾಷರ್ ಸಮೇತ. ನಮ್ಮಲ್ಲಿ ಬಡಗಿಯೇ ಗತಿ, ಅಥವಾ ಜಿಗ್‌ಸಾ ಹಿಡಿಯಲು ಬರುವ ನಿಮ್ಮ ಕೈ. ಅದೇನೂ ಕೆಟ್ಟದ್ದಲ್ಲ. ಆದರೆ ಬಡಗಿಗೆ ಗೊತ್ತಿರುವುದು ಅಡುಗೆಮನೆಯ ಕಪಾಟು, ಮಂಚ, ಶೋಕೇಸು. ಅವೆಲ್ಲ ಒಮ್ಮೆ ಜಡಿದರೆ ಅಲ್ಲೇ ಇರಬೇಕಾದ ವಸ್ತುಗಳು. ಹೈಬ್ರಿಡ್ ಗಾಡಿಯ ಹಲಗೆ ಅದಕ್ಕೆ ತದ್ವಿರುದ್ಧ. ಅದರ ಕೆಳಗಿರುವುದು ಬರೀ ನೆಲವಲ್ಲ. ಉಸಿರಾಡುವ, ಬಿಸಿಯಾಗುವ, ಒಂದಲ್ಲ ಒಂದು ದಿನ ಮೆಕ್ಯಾನಿಕ್ ಕೈ ಹಾಕಲೇಬೇಕಾದ ಯಂತ್ರ. ಎರಡು ನಿಮಿಷದಲ್ಲಿ, ಪಾನಾ ಇಲ್ಲದೆ, ಒಬ್ಬರೇ ಎತ್ತಿ ಹೊರಗಿಡುವಂತಿರಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಈ ಒಂದು ಷರತ್ತಿನಿಂದಲೇ ಹುಟ್ಟುತ್ತವೆ.

ಅಳತೆ ಪಟ್ಟಿ ಹಿಡಿಯುವ ಮುಂಚೆ ಡಿಕ್ಕಿ ಖಾಲಿ ಮಾಡಿ. ಕಾರ್ಪೆಟ್, ಫೋಮ್ ಟ್ರೇ, ಜಾಕಿ, ಟೂಲ್ ಕಿಟ್ ಎಲ್ಲ ಹೊರಗೆ. ಪ್ರತಿಯೊಂದನ್ನೂ ತೆಗೆಯುವಾಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಕ್ಲಿಪ್ ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ. ಈಗ ಓನರ್ಸ್ ಮ್ಯಾನ್ಯುಯಲ್ ತೆರೆದು ನಿಮ್ಮ ಮಾಡೆಲ್‌ನಲ್ಲಿ ಕೆಲವನ್ನು ಗುರುತು ಹಚ್ಚಿ. ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಎಲ್ಲಿದೆ, ಹೈ ವೋಲ್ಟೇಜ್ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್‌ನ ಮುಚ್ಚಳ ಯಾವುದು, 12 ವೋಲ್ಟಿನ ಬ್ಯಾಟರಿ ಎಲ್ಲಿದೆ, ಸ್ಟೆಪ್ನಿ ಅಥವಾ ಪಂಕ್ಚರ್ ಕಿಟ್ ಎಲ್ಲಿದೆ, ಸಾಮಾನು ಬಿಗಿಯುವ ಕೊಂಡಿಗಳಿವೆಯೇ, ಮಕ್ಕಳ ಸೀಟಿನ ಮೇಲಿನ ಪಟ್ಟಿ ಸಿಕ್ಕಿಸುವ ಜಾಗ ಯಾವುದು. ಈ ಆರರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಹೆಸರು ಬರೆಯಿರಿ. ಕಿತ್ತಳೆ ಬಣ್ಣದ ದಪ್ಪ ವೈರು ಎಲ್ಲೇ ಕಂಡರೂ ಅದು ಹೈ ವೋಲ್ಟೇಜ್. ಅದನ್ನು ಮುಟ್ಟಬಾರದು, ಸರಿಸಬಾರದು, ಅದಕ್ಕೆ ಏನನ್ನೂ ಕಟ್ಟಬಾರದು.

ಕೆಲಸ ಮಾಡುವಾಗ ಗಾಡಿ ಆಫ್ ಆಗಿರಲಿ, ಸ್ಮಾರ್ಟ್ ಕೀ ಮನೆಯೊಳಗಿರಲಿ. ಹೈಬ್ರಿಡ್ ಗಾಡಿ ಆನ್ ಆಗಿದ್ದರೂ ಸದ್ದು ಮಾಡುವುದಿಲ್ಲ. ಇದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವ ಗುಂಡಿ ಇನ್ನೊಂದಿದೆ. ಅಳತೆ, ಕೊರೆತ, ಮತ್ತೆ ಅಳತೆ ಅಂತ ಡಿಕ್ಕಿ ಬಾಗಿಲು ಇಡೀ ಮಧ್ಯಾಹ್ನ ತೆರೆದೇ ಇರುತ್ತದೆ. ಒಳಗಿನ ದೀಪ ಉರಿಯುತ್ತಿರುತ್ತದೆ, ಗಾಡಿಯ ಕಂಪ್ಯೂಟರುಗಳು ಪೂರ್ತಿ ನಿದ್ದೆಗೆ ಹೋಗುವುದಿಲ್ಲ. ಸಂಜೆಗೆ 12 ವೋಲ್ಟಿನ ಸಣ್ಣ ಬ್ಯಾಟರಿ ಮಲಗಿರುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ, ಸಣ್ಣದು ಎಚ್ಚರವಿದ್ದರೆ ಮಾತ್ರ ಗಾಡಿ ಹೊರಡಲು ಸಿದ್ಧ ಅನ್ನುವ ರೆಡಿ ದೀಪ ಹತ್ತುವುದು. ಉಪಾಯ ಸುಲಭ. ಬಾಗಿಲಿನ ಲ್ಯಾಚ್‌ಗೆ ಸ್ಕ್ರೂಡ್ರೈವರ್ ಹಿಡಿಯನ್ನು ಒತ್ತಿ ಮುಚ್ಚಿದಂತೆ ಮಾಡಿ, ಗಾಡಿಗೆ ಬಾಗಿಲು ಹಾಕಿದೆ ಅನಿಸುತ್ತದೆ, ದೀಪ ಆರುತ್ತದೆ. ಕೆಲಸ ಮುಗಿದ ಮೇಲೆ ಬಾಗಿಲಿನ ಗುಂಡಿ ಒತ್ತಿ ಲ್ಯಾಚ್ ಬಿಡಿಸಿ, ಆಮೇಲೆ ಮುಚ್ಚಿ. ಮರೆತು ದಡಾರ್ ಅಂತ ಹಾಕಿದರೆ ಲ್ಯಾಚ್ ಹೋಯಿತು. ಅದಕ್ಕೇ ಲ್ಯಾಚ್ ಮೇಲೆ ಕೆಂಪು ಟೇಪಿನ ಚೂರು ತೂಗುಬಿಡುವುದು ಒಳ್ಳೆಯದು.

ಇನ್ನು ಎತ್ತರ. ಹಲಗೆ ಯಾವ ಮಟ್ಟದಲ್ಲಿ ಕೂರಬೇಕು ಅನ್ನುವುದನ್ನು ದಿಬ್ಬ ತೀರ್ಮಾನಿಸುತ್ತದೆ, ಆದರೆ ದಿಬ್ಬ ಒಂದೇ ಅಲ್ಲ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಿಂದಿನ ಸೀಟು ಮಡಚಿ. ಒಂದೂವರೆ ಮೀಟರಿನ ಅಲ್ಯುಮಿನಿಯಂ ಪಟ್ಟಿಯನ್ನು ದಿಬ್ಬದ ಅತಿ ಎತ್ತರದ ಬಿಂದುವಿನಿಂದ ಬಾಗಿಲಿನ ಹೊಸ್ತಿಲವರೆಗೆ ಚಾಚಿ, ಮೇಲೆ ರಸಮಟ್ಟ ಇಡಿ. ಮಡಚಿದ ಸೀಟಿನ ಬೆನ್ನು ಅದಕ್ಕಿಂತ ಎಷ್ಟು ಮೇಲಿದೆ, ಎಷ್ಟು ಇಳಿಜಾರಾಗಿದೆ ಅಂತ ಬರೆದುಕೊಳ್ಳಿ. ದಿಬ್ಬದ ನೆತ್ತಿಗಿಂತ ಹಲಗೆಯ ತಳ, ಅಲ್ಲಿ ರೀಪು ಇದ್ದರೆ ಅದೂ ಸೇರಿ, ಕನಿಷ್ಠ 15 ಮಿ.ಮೀ. ಮೇಲಿರಲಿ. ಇದು ಭಾರ ಬಿದ್ದಾಗ ಹಲಗೆ ಬಾಗಲು ಬಿಟ್ಟ ಜಾಗ, ಗಾಳಿ ಆಡಲು ಬಿಟ್ಟ ಜಾಗವೂ ಹೌದು. ಬ್ಯಾಟರಿಯ ಮೇಲಿನ ಹೊದಿಕೆ ಭಾರ ಹೊರಲು ಮಾಡಿದ್ದಲ್ಲ. ಹಲಗೆಯ ಕಾಲು ಅದರ ಮೇಲೆ ಬೀಳಲೇಬಾರದು. ಪಕ್ಕದ ಪ್ಲಾಸ್ಟಿಕ್ ಟ್ರಿಮ್ ಮೇಲೂ ಬೇಡ. ಕಾಲು ನಿಲ್ಲಬೇಕಾದದ್ದು ಕೆಳಗಿನ ಉಕ್ಕಿನ ತಗಡಿನ ಮೇಲೆ, ಅದರಲ್ಲೂ ಮಡಿಕೆ ಇರುವ ಗಟ್ಟಿ ಜಾಗದಲ್ಲಿ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ತಿಳಿಯುತ್ತದೆ. ಪೊಳ್ಳು ಸದ್ದು ಬಂದಲ್ಲಿ ತಗಡು ಡಬ್ಬಿಯ ಮುಚ್ಚಳದಂತೆ ಅದುರುತ್ತದೆ, ಗಟ್ಟಿ ಸದ್ದು ಬಂದಲ್ಲಿ ಕೆಳಗೆ ಅಡ್ಡಪಟ್ಟಿ ಇರುತ್ತದೆ.

ಅಳತೆಯಲ್ಲಿ ಸೋಲಿಸುವುದು ಡಿಕ್ಕಿಯ ಎರಡೂ ಬದಿಯಲ್ಲಿ ಹಿಂದಿನ ಚಕ್ರಕ್ಕೆ ಜಾಗ ಕೊಡಲು ಒಳಕ್ಕೆ ಚಾಚಿರುವ ಚಕ್ರದ ಉಬ್ಬು. ಎಡ ಬಲ ಎರಡೂ ಒಂದೇ ಆಕಾರ ಅಂದುಕೊಂಡು ಅರ್ಧ ನಕ್ಷೆ ಬರೆದು ಮಗುಚಿ ಹಾಕುವವರು ಪ್ಲೈವುಡ್ ಕೆಡಿಸುತ್ತಾರೆ. ಒಂದು ಕಡೆ ಸ್ಪೀಕರ್, ಇನ್ನೊಂದು ಕಡೆ ಫ್ಯಾನಿನ ನಾಳ, ಎಲ್ಲೋ ಒಂದು ದೀಪ. ಎರಡು ಬದಿಯೂ ಬೇರೆ. ವಾಷಿಂಗ್ ಮಷೀನಿನ ಖಾಲಿ ರಟ್ಟಿನ ಡಬ್ಬ ತನ್ನಿ, ಫ್ರಿಜ್ಜಿನದಾದರೆ ಇನ್ನೂ ಮೇಲು. ರಟ್ಟನ್ನು ಉದ್ದೇಶಿತ ಎತ್ತರದಲ್ಲಿ ಇಟ್ಟಿಗೆ, ಪುಸ್ತಕ ಏನಾದರೂ ಕೊಟ್ಟು ಮಟ್ಟಕ್ಕೆ ನಿಲ್ಲಿಸಿ, ಉಬ್ಬಿನಿಂದ ಎರಡು ಬೆರಳು ದೂರ. ಈಗ 50 ಮಿ.ಮೀ. ಅಗಲದ ಸಣ್ಣ ಮರದ ತುಂಡಿನ ಒಂದು ತುದಿಯನ್ನು ಉಬ್ಬಿಗೆ ತಾಗಿಸಿ, ಇನ್ನೊಂದು ತುದಿಗೆ ಪೆನ್ಸಿಲ್ ಹಿಡಿದು, ತುಂಡನ್ನು ತಿರುಗಿಸದೆ ಮುಂದಿನಿಂದ ಹಿಂದಕ್ಕೆ ಎಳೆಯುತ್ತ ಹೋಗಿ. ಉಬ್ಬಿನ ಪ್ರತಿ ಬಳುಕೂ ರಟ್ಟಿನ ಮೇಲೆ 50 ಮಿ.ಮೀ. ಈಚೆಗೆ ಮೂಡುತ್ತದೆ. ರಟ್ಟನ್ನು ಹೊರತೆಗೆದು ಪ್ಲೈವುಡ್ ಮೇಲಿಟ್ಟು ಅದೇ ತುಂಡಿನಿಂದ ಗೆರೆಯನ್ನು 50 ಮಿ.ಮೀ. ಆಚೆಗೆ ಸಾಗಿಸಿದರೆ ಉಬ್ಬಿನ ನಿಜವಾದ ಅಂಚು ಸಿಕ್ಕಿತು. ಕತ್ತರಿಸುವಾಗ ಅದರಿಂದ 5 ಮಿ.ಮೀ. ಒಳಗೆ ಕತ್ತರಿಸಿ. ಆ 5 ಮಿ.ಮೀ.ನಲ್ಲಿ ಕಾರ್ಪೆಟ್ ಸುತ್ತು ಕೂರಬೇಕು, ಮಳೆಗಾಲದಲ್ಲಿ ಮರ ಉಬ್ಬಬೇಕು, ಪ್ಲಾಸ್ಟಿಕ್‌ಗೆ ಮರ ತಾಗದಿರಬೇಕು.

ಹಿಂದಿನ ಸೀಟಿನ ಬಳಿ 5 ಮಿ.ಮೀ. ಸಾಲದು. ಹೈರೈಡರ್‌ನ ಹಿಂಬದಿ ಸೀಟಿಗೆ ಒರಗುವ ಸೌಲಭ್ಯವಿದೆ. ಸೀಟು ನೆಟ್ಟಗಿದ್ದಾಗ ಅಳೆದು ಕೊರೆದರೆ ಅಜ್ಜಿ ಒರಗಿ ಕೂರಲು ಹೋದಾಗ ಸೀಟು ಹಲಗೆಗೆ ತಾಗಿ ನಿಲ್ಲುತ್ತದೆ. ಪೂರ್ತಿ ಒರಗಿಸಿಯೇ ಅಳೆಯಿರಿ, ಅಲ್ಲಿಂದ 15 ಮಿ.ಮೀ. ಬಿಡಿ. ಸೀಟು ಮಡಚುವಾಗ ಬೆನ್ನಿನ ಕೆಳತುದಿ ಕಮಾನಿನಂತೆ ಹಿಂದಕ್ಕೆ ಬಂದು ಹೋಗುತ್ತದೆ, ಅದನ್ನೂ ರಟ್ಟು ಇಟ್ಟುಕೊಂಡೇ ಪರೀಕ್ಷಿಸಿ. ಈ ಸಂದಿಗೆ ಚಿಲ್ಲರೆ ಕಾಸು, ಪೆನ್ನು ಬೀಳುತ್ತವೆ ಅನ್ನುವುದು ನಿಜ. ಕಾರ್ಪೆಟ್‌ನ ಒಂದು ಅಂಗೈ ಅಗಲದ ನಾಲಿಗೆಯನ್ನು ಹಲಗೆಯಿಂದ ಮುಂದಕ್ಕೆ ಬಿಟ್ಟರೆ ಸಂದಿ ಮುಚ್ಚುತ್ತದೆ, ಸೀಟಿಗೂ ಅಡ್ಡಿಯಾಗದು. ಬಾಗಿಲಿನ ಕಡೆ ರಬ್ಬರ್ ಬೀಡಿಂಗ್‌ನಿಂದ 10 ಮಿ.ಮೀ. ಒಳಗಿದ್ದರೆ ಸಾಕು.

ಮರ ಯಾವುದು? ಇಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬಾರದು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಾಳೆಯನ್ನು ನುಣ್ಣಗೆ ಕೊರೆಯಬಹುದು, ಒದ್ದೆ ಕೊಡೆ ಇಟ್ಟ ಮೂರನೇ ವಾರಕ್ಕೆ ಅಂಚು ಹಪ್ಪಳದಂತೆ ಉಬ್ಬುತ್ತದೆ. ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್‌ನ ಡಬ್ಲ್ಯೂಪಿಸಿ, ಬರೀ ಪ್ಲಾಸ್ಟಿಕ್‌ನ ಪಿವಿಸಿ ಫೋಮ್ ಬೋರ್ಡ್‌ಗಳಿಗೆ ನೀರಿನ ಭಯವಿಲ್ಲ, ಅಡುಗೆಮನೆಯಲ್ಲಿ ಗಟ್ಟಿಯಾಗಿಯೇ ಇರುತ್ತವೆ. ಆದರೆ ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನ ಡಿಕ್ಕಿ ಅಡುಗೆಮನೆಯಲ್ಲ. ಗಾಜಿನ ಕೆಳಗಿನ ಹಲಗೆಯ ಮೇಲ್ಮೈ 60 ಡಿಗ್ರಿ ದಾಟುವುದು ಸಾಮಾನ್ಯ. ಪಿವಿಸಿ ಆ ಹೊತ್ತಿಗೆ ಮೆತ್ತಗಾಗಲು ಶುರುವಾಗಿರುತ್ತದೆ, ಮೇಲೆ ಭಾರವಿದ್ದರೆ ನಿಧಾನಕ್ಕೆ ಜಗ್ಗುತ್ತದೆ, ತಣ್ಣಗಾದ ಮೇಲೂ ಜಗ್ಗಿದ ಆಕಾರದಲ್ಲೇ ಉಳಿಯುತ್ತದೆ. ಹಾಗಾಗಿ ಪ್ಲೈವುಡ್ಡೇ ಸೈ, ಅದೂ ಭಾರತೀಯ ಮಾನಕದ ಐಎಸ್ 710 ಗುರುತಿನ ಮೆರೈನ್ ಪ್ಲೈ. ಈ ಗುರುತಿನ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿದರೂ ಪದರ ಬಿಡಬಾರದು ಅನ್ನುವುದು ಪರೀಕ್ಷೆ. ಹಾಳೆಯ ಮೇಲೆ ಮುದ್ರೆ ನೋಡಿ ಕೊಳ್ಳಿ. ಅಂಚಿನಲ್ಲಿ ಪದರಗಳ ನಡುವೆ ಇರುವೆ ನುಗ್ಗುವಷ್ಟು ಪೊಳ್ಳು ಕಂಡರೆ ಮುದ್ರೆ ಏನೇ ಹೇಳಲಿ, ಬೇಡ.

ದಪ್ಪದ ವಿಷಯದಲ್ಲಿ ಎಲ್ಲ ಬಡಗಿಗಳೂ 18 ಮಿ.ಮೀ. ಅನ್ನುತ್ತಾರೆ. ಲೆಕ್ಕ ಅವರ ಪರವಾಗಿದೆ, ಅರ್ಧದಷ್ಟು. ಹಲಗೆಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 12 ಮಿ.ಮೀ.ಗಿಂತ 18 ಮಿ.ಮೀ. ಹಲಗೆ ಮೂರೂಕಾಲು ಪಟ್ಟಿಗಿಂತ ಹೆಚ್ಚು ಗಟ್ಟಿ. ಆದರೆ ಕಾಲುಗಳ ನಡುವಿನ ದೂರವನ್ನು ಅರ್ಧ ಮಾಡಿದರೆ ನಡುಮಧ್ಯೆ ಬಿದ್ದ ಭಾರಕ್ಕೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 12 ಮಿ.ಮೀ. ಹಲಗೆಗೆ 300 ಮಿ.ಮೀ.ಗೊಂದರಂತೆ ಆಸರೆ ಕೊಟ್ಟರೆ, 600 ಮಿ.ಮೀ. ದೂರದಲ್ಲಿ ಕಾಲಿಟ್ಟ 18 ಮಿ.ಮೀ. ಹಲಗೆಗಿಂತ ಅದೇ ಗಟ್ಟಿ. ತೂಕದಲ್ಲೂ ಲಾಭ. 12 ಮಿ.ಮೀ. ಪ್ಲೈ ಚದರ ಮೀಟರಿಗೆ ಸುಮಾರು 8 ಕೆ.ಜಿ., 18 ಮಿ.ಮೀ.ದಾದರೆ 12. ಮೈಲೇಜ್‌ಗೆಂದೇ ಹೈಬ್ರಿಡ್ ಕೊಂಡು ಹಿಂದೆ ಮರದ ಮಂಚ ಹೊತ್ತು ತಿರುಗುವುದರಲ್ಲಿ ಅರ್ಥವಿಲ್ಲ. ಹಲಗೆ, ಚೌಕಟ್ಟು, ಕಾರ್ಪೆಟ್ ಎಲ್ಲ ಸೇರಿ 10 ಕೆ.ಜಿ. ಒಳಗೆ ಮುಗಿಸುವ ಗುರಿ ಇಟ್ಟುಕೊಳ್ಳಿ. 2440 × 1220 ಮಿ.ಮೀ.ನ ಪೂರ್ತಿ ಹಾಳೆ ಬೇಕಿಲ್ಲ, ಸೀಟಿನ ಹಿಂದಿನ ಜಾಗಕ್ಕಷ್ಟೇ ಆದರೆ ಅರ್ಧ ಹಾಳೆ ಸಾಕು.

ಹಲಗೆಯನ್ನು ಒಂದೇ ತುಂಡಾಗಿ ಮಾಡುವುದು ಹೊಸಬರ ದೊಡ್ಡ ತಪ್ಪು. ಉಬ್ಬುಗಳ ಹಿಂದೆ ಡಿಕ್ಕಿಯ ಒಳಗಿನ ಅಗಲ ಬಾಗಿಲಿನ ಅಗಲಕ್ಕಿಂತ ಹೆಚ್ಚಿರುತ್ತದೆ. ಅಳತೆಗೆ ಸರಿಯಾದ ಹಲಗೆ ಬಾಗಿಲಲ್ಲಿ ನುಗ್ಗುವುದಿಲ್ಲ. ಓರೆ ಮಾಡಿ, ತಿರುಗಿಸಿ, ಟ್ರಿಮ್ ಗೀಚಿ ಒಳಗೆ ಹಾಕಿದರೂ ಹೊರಗೆ ತೆಗೆಯುವ ದಿನ ಅಳು ಬರುತ್ತದೆ. ಮೂರು ತುಂಡು ಮಾಡಿ. ದಿಬ್ಬದ ಮೇಲೆ ಒಂದು, ಬಾಗಿಲ ಕಡೆಯ ತಗ್ಗಿನ ಮೇಲೆ ಎರಡು ಮುಚ್ಚಳ. ಮುಚ್ಚಳಗಳ ಕೆಳಗೆ ಸಿಗುವ ತಗ್ಗು ಜಾಗವೇ ಈ ಕೆಲಸದ ನಿಜವಾದ ಗಳಿಕೆ. ಜಾಕಿ, ಟೋ ಹಗ್ಗ, ಏರ್ ಪಂಪು, ರಿಫ್ಲೆಕ್ಟರ್ ತ್ರಿಕೋನ, ಚಪ್ಪಲಿ ಎಲ್ಲ ಅಲ್ಲಿಗೆ. ಮುಚ್ಚಳಕ್ಕೆ ಹಿಂಜ್ ಹಾಕಬೇಕೆನ್ನುವ ಆಸೆ ಬರುತ್ತದೆ. ಬಿಟ್ಟುಬಿಡಿ. ಹಿಂಜ್ ಕಟಕಟ ಅನ್ನುತ್ತದೆ, ಸಾಮಾನು ಇದ್ದಾಗ ತೆರೆಯಲೂ ಬರುವುದಿಲ್ಲ. 25 ಮಿ.ಮೀ. ಅಗಲದ ಬಟ್ಟೆಯ ಪಟ್ಟಿ ಒಂದು ಅಂಚಿಗೆ ಸಿಕ್ಕಿಸಿದರೆ ಎಳೆದು ಎತ್ತಬಹುದು.

ಆಸರೆಗೆ 25 × 40 ಮಿ.ಮೀ.ನ ಒಣಗಿದ ರೀಪು ಸಾಕು. ರೀಪನ್ನು ಹಲಗೆಯ ತಳಕ್ಕೆ ಅಂಟು ಹಾಕಿ, ಕೆಳಗಿನಿಂದ ಸ್ಕ್ರೂ ಬಿಗಿಯಿರಿ. ಅಡ್ಡವಾಗಿ ಇಟ್ಟರೆ ರೀಪು 25 ಮಿ.ಮೀ., ಅದರ ಮೂಲಕ ಹೋದ 32 ಮಿ.ಮೀ. ಸ್ಕ್ರೂ ಹಲಗೆಯೊಳಗೆ 7 ಮಿ.ಮೀ. ಮಾತ್ರ ಹಿಡಿಯುತ್ತದೆ, ಅಂಟಿನ ಜೊತೆ ಅಷ್ಟು ಸಾಕು. 40 ಮಿ.ಮೀ. ಸ್ಕ್ರೂ ಹಾಕಿದರೆ ತುದಿ ಮೇಲೆ ಇಣುಕಿ ಸೂಟ್‌ಕೇಸು ಸೀಳುತ್ತದೆ. ಕಾಲುಗಳನ್ನು 75 × 75 ಮಿ.ಮೀ. ಪ್ಲೈ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಎತ್ತರಕ್ಕೆ ತಕ್ಕಂತೆ ಮಾಡಿ, ಅಡಿಗೆ 6 ಮಿ.ಮೀ. ರಬ್ಬರ್ ಹಾಳೆ. ತಗಡು ಸಮತಟ್ಟಿಲ್ಲದ ಕಡೆ ಕಾಲಿಗೆ ಎಂ8 (8 ಮಿ.ಮೀ.) ಬೋಲ್ಟು, ಮರದೊಳಗೆ ಕೂರುವ ಟೀ ನಟ್ಟು, ತುದಿಗೆ ರಬ್ಬರ್ ಬುಷ್ ಹಾಕಿದರೆ ಎತ್ತರ ತಿದ್ದಿಕೊಳ್ಳಬಹುದು. ಫ್ರಿಜ್ಜಿನ ಕಾಲಿನ ಹಾಗೆ. ಮಟ್ಟ ಸಿಕ್ಕಿದ ಮೇಲೆ ಲಾಕ್ ನಟ್ಟು ಬಿಗಿಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕೆಟ್ಟ ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಒಂದು ಕಾಲು ಗಿಡ್ಡವಾಗಿ ಹಲಗೆ ಕುಂಟುತ್ತದೆ.

ಡ್ರಿಲ್ ಮಷೀನು ಗಾಡಿಯೊಳಗೆ ಬರಲೇಕೂಡದು. ಹಲಗೆಗೆ ಎಷ್ಟು ಬೇಕಾದರೂ ತೂತು ಕೊರೆಯಿರಿ, ಗಾಡಿಯ ಹೊರಗೆ. ಡಿಕ್ಕಿಯ ನೆಲಕ್ಕೆ ಒಂದೇ ಒಂದು ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕಿದರೂ ಅದು ಎಲ್ಲಿ ಹೊರಬರುತ್ತದೆ ಅಂತ ಕಾಣುವುದಿಲ್ಲ. ಬ್ಯಾಟರಿ ಪೆಟ್ಟಿಗೆ ಚುಚ್ಚಿದರೆ ಜೀವಕ್ಕೇ ಅಪಾಯ, ಕೇಬಲ್‌ನ ಹೊದಿಕೆ ಗೀಚಿದರೂ ಸಾಕು, ಹೈ ವೋಲ್ಟೇಜ್ ಗಾಡಿಯ ಲೋಹದ ಮೈಗೆ ಸೋರುತ್ತಿದೆ ಅಂತ ಗಾಡಿಯೇ ಪತ್ತೆ ಹಚ್ಚಿ ಎಚ್ಚರಿಕೆ ದೀಪ ಹಾಕುತ್ತದೆ. ಟೊಯೊಟಾ ಹೈಬ್ರಿಡ್ ರಿಪೇರಿ ಮಾಡುವವರಿಗೆ ಪಿ0ಎಎ6 ಅನ್ನುವ ಕೋಡು ಚಿರಪರಿಚಿತ, ಅದು ಇದೇ ಸೋರಿಕೆಯ ಹೆಸರು. ನೆಲ ಕೊರೆದದ್ದು ಕಂಡರೆ ಬ್ಯಾಟರಿ ವಾರಂಟಿಯ ಮಾತುಕತೆ ಎತ್ತ ಹೋಗುತ್ತದೆ ಅಂತ ಹೇಳಬೇಕಿಲ್ಲ. ಹಾಗೆಯೇ ಸೀಟ್ ಬೆಲ್ಟಿನ ಬೋಲ್ಟು ಸಡಿಲಿಸಿ ಅದಕ್ಕೆ ಪಟ್ಟಿ ಸಿಕ್ಕಿಸುವ ಜಾಣತನವೂ ಬೇಡ. ಆ ಬೋಲ್ಟು ಒಬ್ಬ ಮನುಷ್ಯನನ್ನು ಹಿಡಿಯಲು ಇದೆ.

ಹಾಗಾದರೆ ಹಲಗೆ ನಿಲ್ಲುವುದು ಹೇಗೆ? ಮೊದಲು, ಯಾಕೆ ನಿಲ್ಲಬೇಕು ಅಂತ ಲೆಕ್ಕ ಹಾಕೋಣ. ನಾವು ಸಾಮಾನು ಇಡುವ ಜಾಗಕ್ಕೂ ಡಿಕ್ಕಿ ಅನ್ನುತ್ತೇವೆ, ಗುದ್ದುವುದಕ್ಕೂ ಡಿಕ್ಕಿ ಅನ್ನುತ್ತೇವೆ. ಎರಡನೆಯದು ಆದಾಗ ಮೊದಲನೆಯದರಲ್ಲಿ ಏನಿದೆ ಅನ್ನುವುದು ಮುಖ್ಯವಾಗುತ್ತದೆ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ 13.9 ಮೀಟರ್. ಆ ವೇಗದಲ್ಲಿದ್ದ ಗಾಡಿ ಮುಂಭಾಗ ನುಜ್ಜಾಗುತ್ತ 60 ಸೆಂ.ಮೀ.ನಲ್ಲಿ ನಿಂತಿತು ಅಂದುಕೊಳ್ಳಿ. ಒಳಗಿನ ಪ್ರತಿ ವಸ್ತುವೂ ತನ್ನ ತೂಕದ 16 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 25 ಕೆ.ಜಿ. ಅಕ್ಕಿ ಚೀಲ 400 ಕೆ.ಜಿ.ಯ ಹಾಗೆ ಸೀಟಿನ ಬೆನ್ನಿಗೆ ಬೀಳುತ್ತದೆ. ಬಿಗಿಯದ 10 ಕೆ.ಜಿ. ಹಲಗೆ 160 ಕೆ.ಜಿ.ಯ ಕೊಡಲಿ.

ಉಬ್ಬುಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಉಬ್ಬಿನ ಹಿಂದಿನ ಅಗಲ ಜಾಗಕ್ಕೆ ಸರಿಯಾಗಿ ಕೊರೆದ ಹಲಗೆ ಮುಂದಕ್ಕೆ ಹೋಗಲಾರದು, ಎರಡೂ ಉಬ್ಬುಗಳು ಭುಜ ಕೊಟ್ಟು ತಡೆಯುತ್ತವೆ. ದಿಬ್ಬದ ಮೇಲಿನ ಕಿರಿದಾದ ತುಂಡನ್ನು ಈ ಅಗಲ ತುಂಡುಗಳಿಗೆ ಎಂ6 ಬೋಲ್ಟು ಮತ್ತು ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟಿನಿಂದ ಸೇರಿಸಿದರೆ ಇಡೀ ನೆಲ ಒಂದಾಗುತ್ತದೆ. ಮೇಲಕ್ಕೆ ಹಾರದಂತೆ ಕಂಪನಿ ಕೊಟ್ಟಿರುವ ಕೊಂಡಿಗಳಿಗೆ ರಾಚೆಟ್ ಬೆಲ್ಟ್ ಹಾಕಿ. ರಾಚೆಟ್ ಅನ್ನು ಎರಡು ಕ್ಲಿಕ್ ಬಿಗಿದರೆ ಸಾಕು. ಬಲವೆಲ್ಲ ಹಾಕಿ ಎಳೆದರೆ ಹಲಗೆ ಬಿಲ್ಲಿನಂತೆ ಬಾಗಿ ನಡುವೆ ದಿಬ್ಬಕ್ಕೆ ತಾಗುತ್ತದೆ. ಸಾಮಾನಿಗೆ ಬೇರೆ ಬೆಲ್ಟ್, ಹಲಗೆಯ ಬೆಲ್ಟಿಗೇ ಸಾಮಾನು ಕಟ್ಟಬೇಡಿ. ಭಾರದ್ದು ಕೆಳಗೆ, ಸೀಟಿಗೆ ಒತ್ತಿಕೊಂಡಂತೆ.

ಇನ್ನು ಗಾಳಿ. ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಾಳಿಯಿಂದ ತಣಿಸುವ ಹೈಬ್ರಿಡ್ ಬ್ಯಾಟರಿಗಳು ಕಾರಿನೊಳಗಿನ ಎಸಿ ಗಾಳಿಯನ್ನೇ ಒಂದು ಜಾಲರಿಯ ಮೂಲಕ ಎಳೆದುಕೊಳ್ಳುತ್ತವೆ, ಫ್ಯಾನ್ ಅದನ್ನು ಸೆಲ್‌ಗಳ ನಡುವೆ ಹಾಯಿಸುತ್ತದೆ. ಜಾಲರಿ ಸೀಟಿನ ಪಕ್ಕದಲ್ಲೋ ಕೆಳಗೋ ಡಿಕ್ಕಿಯ ಬದಿಯಲ್ಲೋ ಇರಬಹುದು, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅದಕ್ಕೆ ಹಲಗೆಯೋ ಕಾರ್ಪೆಟ್ಟೋ ಅಡ್ಡ ಬಂದರೆ ಮೊದಲ ದಿನ ಏನೂ ಆಗುವುದಿಲ್ಲ. ಎರಡನೇ ತಿಂಗಳು, ಘಾಟಿ ಹತ್ತುವಾಗ, ಹಿಂದಿನಿಂದ ಹೇರ್ ಡ್ರೈಯರ್‌ನಂಥ ಸದ್ದು ಕೇಳುತ್ತದೆ. ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದೆ. ಆಮೇಲೆ ಮೋಟಾರಿನ ನೆರವು ಕಡಿಮೆಯಾಗುತ್ತದೆ, ಎಂಜಿನ್ ಹೆಚ್ಚು ಹೊತ್ತು ಓಡುತ್ತದೆ, ಮೈಲೇಜ್ ಇಳಿಯುತ್ತದೆ. ಜನ ಪೆಟ್ರೋಲ್ ಬಂಕ್ ಬದಲಿಸುತ್ತಾರೆ, ಟೈರ್ ಗಾಳಿ ನೋಡಿಸುತ್ತಾರೆ. ಹಲಗೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಜಾಲರಿ ಹಲಗೆಯ ಕೆಳಗೆ ಸಿಕ್ಕಿಕೊಳ್ಳುವಂತಿದ್ದರೆ ಆ ಜಾಗವನ್ನು ಕತ್ತರಿಸಿ ತೆರೆದಿಡುವುದೇ ಮೇಲು. ಅದು ಆಗದಿದ್ದರೆ ತೂತು ಕೊರೆಯಿರಿ, ಆದರೆ ಲೆಕ್ಕ ಹಾಕಿ. ಜಾಲರಿ 150 × 60 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 9,000 ಚದರ ಮಿ.ಮೀ. 40 ಮಿ.ಮೀ. ವ್ಯಾಸದ ಒಂದು ತೂತಿಗೆ ಸುಮಾರು 1,257 ಚದರ ಮಿ.ಮೀ. ಎಂಟು ತೂತು ಕೊರೆದರೆ ಸಮಸಮ, ಆದರೆ ಮೇಲೆ ಒಂದು ಚೀಲ ಇಟ್ಟೊಡನೆ ಅರ್ಧ ಮುಚ್ಚಿಹೋಗುತ್ತವೆ. ದುಪ್ಪಟ್ಟು ಇಟ್ಟುಕೊಳ್ಳಿ, ಅಂದರೆ 15 ತೂತು, ಅದರಲ್ಲಿ ಕೆಲವಾದರೂ ಸಾಮಾನು ಮುಚ್ಚಲಾಗದ ಲಂಬ ಬದಿಯಲ್ಲಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಓಡಿಸಿ ಬಂದು, ಎಸಿ ಹಾಕಿ, ತೆಳು ಟಿಶ್ಯೂ ಚೂರನ್ನು ತೂತಿನ ಬಳಿ ಹಿಡಿಯಿರಿ. ಫ್ಯಾನ್ ತಿರುಗುತ್ತಿದ್ದರೆ ಅದು ಒಳಕ್ಕೆ ವಾಲುತ್ತದೆ. ಊದುಬತ್ತಿ ಇನ್ನೂ ಚೆನ್ನಾಗಿ ತೋರಿಸುತ್ತದೆ ನಿಜ, ಆದರೆ ಕಾರ್ಪೆಟ್ ಮೇಲೆ ಕಿಡಿ ಬೀಳುವ ಪರೀಕ್ಷೆ ಯಾಕೆ?

ತೂತುಗಳ ತಳಕ್ಕೆ ಸೊಳ್ಳೆಪರದೆಯಂಥ ಬಲೆ ಹಚ್ಚಬೇಕೆನಿಸುತ್ತದೆ. ಹಚ್ಚಬಹುದು, ವಾರಕ್ಕೊಮ್ಮೆ ನೋಡುವವರಾದರೆ. ಸುಲಿಯದ ತೆಂಗಿನಕಾಯಿ ಹೇರಿದ ಒಂದೇ ಪ್ರಯಾಣಕ್ಕೆ ನಾರು ಉದುರಿ ಅಂಥ ಬಲೆಯನ್ನು ಮುಚ್ಚುತ್ತದೆ. ಗೋಣಿಯ ಎಳೆ, ನಾಯಿಯ ಕೂದಲು, ಅಕ್ಕಿಯ ಧೂಳು ಎಲ್ಲಕ್ಕೂ ಫ್ಯಾನಿನ ಫಿಲ್ಟರೇ ಗುರಿ. ಇಂಥ ಸಾಮಾನು ಹೇರುವಾಗ ಹಲಗೆಯ ಮೇಲೆ ಟಾರ್ಪಾಲು ಹಾಸಿ, ಆದರೆ ಜಾಲರಿ ಇರುವ ಬದಿಯಲ್ಲಿ ಮಡಚಿ ಬಿಡಿ.

ಮರಕ್ಕೆ ಬಣ್ಣ ಹಚ್ಚುವುದು ಅಂದಕ್ಕಲ್ಲ. ಮೆರೈನ್ ಪ್ಲೈ ಆದರೂ ಕತ್ತರಿಸಿದ ಅಂಚು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಪಿಯು (ಪಾಲಿಯುರೆಥೇನ್) ವಾರ್ನಿಷ್ ಮುಖಗಳಿಗೆ ಎರಡು ಕೋಟು, ಅಂಚಿಗೆ ಮೂರು, ಬೋಲ್ಟಿನ ತೂತುಗಳ ಒಳಗೂ ಒಂದು ಕೋಟು. ಕೋಟಿನ ನಡುವೆ 220ರ ಸ್ಯಾಂಡ್‌ಪೇಪರ್. ಇದಾದ ಮೇಲೆ ಕನಿಷ್ಠ ಒಂದು ವಾರ ಹೊರಗೆ ನೆರಳಿನಲ್ಲಿ ಒಣಗಲಿ. ಅವಸರಕ್ಕೆ ಹಾಕಿಬಿಟ್ಟರೆ ವಾರ್ನಿಷ್, ಅಂಟುಗಳ ಘಾಟು ಮುಚ್ಚಿದ ಕಾರಿನಲ್ಲಿ ತಲೆನೋವು ತರುತ್ತದೆ. ಕಾರ್ಪೆಟ್‌ಗೆ ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟು, ಎರಡೂ ಮುಖಕ್ಕೆ ತೆಳುವಾಗಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಬೇಕು, ಹಸಿಯಲ್ಲೇ ಒತ್ತಿದರೆ ಬೇಸಿಗೆಯಲ್ಲಿ ಗುಳ್ಳೆ ಏಳುತ್ತದೆ. ಕಾರ್ಪೆಟ್ ಅಂಚನ್ನು ಹಲಗೆಯ ತಳಕ್ಕೆ 40 ಮಿ.ಮೀ. ಮಡಚಿ ಸ್ಟೇಪಲ್ ಹೊಡೆಯಿರಿ.

ಈಗ ಕಿರಿಕಿರಿ. ಡೀಸೆಲ್ ಗಾಡಿಯಲ್ಲಿ ಎಂಜಿನ್ ಸದ್ದಿನಡಿ ಮುಚ್ಚಿಹೋಗುವ ಕಿರುಗುಟ್ಟು ಹೈಬ್ರಿಡ್‌ನಲ್ಲಿ ಬೆತ್ತಲಾಗುತ್ತದೆ. ಸಿಗ್ನಲ್‌ನಿಂದ ಬರೀ ಮೋಟಾರಿನಲ್ಲಿ ಹೊರಟಾಗ ಗಾಡಿಯೊಳಗೆ ಇನ್ನೇನೂ ಸದ್ದಿರುವುದಿಲ್ಲ, ಹಿಂದಿನ ಹಲಗೆ ಮಾತ್ರ ಕುಂಯ್ ಅನ್ನುತ್ತಿರುತ್ತದೆ. ಇದಕ್ಕೆ ಬಿಗಿತ ಮದ್ದಲ್ಲ. ಎರಡು ಗಟ್ಟಿ ಮೇಲ್ಮೈಗಳು ಉಜ್ಜಿದಾಗ ಬರುವ ಸದ್ದು ಅದು, ನಡುವೆ ಮೆತ್ತನೆಯದು ಬೇಕು. ಮರ ಮರಕ್ಕೆ ತಾಗುವ ಕಡೆ ಫೆಲ್ಟ್ ಟೇಪ್, ಮರ ತಗಡಿಗೆ ತಾಗುವ ಕಡೆ ರಬ್ಬರ್, ಮರ ಪ್ಲಾಸ್ಟಿಕ್‌ಗೆ ತಾಗುವ ಕಡೆ ಏನೂ ಬೇಡ, ಯಾಕೆಂದರೆ ತಾಗಲೇಬಾರದು. ಸದ್ದು ಎಲ್ಲಿಂದ ಅಂತ ತಿಳಿಯದಿದ್ದರೆ ಒಬ್ಬರು ನಿಧಾನಕ್ಕೆ ಹಂಪ್ ಹತ್ತಿಸಿ ಇಳಿಸಲಿ, ಇನ್ನೊಬ್ಬರು ಹಿಂದಿನ ಸೀಟಿನಿಂದ ತುಂಡುಗಳ ಮೇಲೆ ಒಂದೊಂದಾಗಿ ಅಂಗೈ ಒತ್ತಲಿ. ಯಾವುದನ್ನು ಒತ್ತಿದಾಗ ನಿಂತಿತೋ ಅದೇ ಕಳ್ಳ. ಬಹುತೇಕ ಸಲ ಅದು ಹಲಗೆಯೇ ಅಲ್ಲ, ಕೆಳಗೆ ಸರಿಯಾಗಿ ಕೂರಿಸದೆ ಬಿಟ್ಟ ಜಾಕಿ.

ಕಾನೂನಿನ ಭಯ ಕೆಲವರಿಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯಲ್ಲಿ ನಮೂದಾದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು. ಎತ್ತಿ ತೆಗೆಯಬಹುದಾದ ಹಲಗೆ ಸಾಮಾನಿನ ಲೆಕ್ಕ. ಅದರ ಆಸೆಗೆ ಸೀಟನ್ನೇ ಬಿಚ್ಚಿದರೆ ಆಸನ ಸಂಖ್ಯೆ ಬದಲಾಗುತ್ತದೆ, ಅಲ್ಲಿಗೆ ವಿಷಯ ಬೇರೆ. ಭಾರದ ಮಿತಿಯೂ ಹಲಗೆಯಿಂದ ಹೆಚ್ಚುವುದಿಲ್ಲ. ಐದು ಜನ ಕೂತರೆ 350 ಕೆ.ಜಿ. ಅಲ್ಲೇ ಆಯಿತು, ಉಳಿದದ್ದರಲ್ಲಿ ಹಲಗೆಯ 10 ಕೆ.ಜಿ.ಯನ್ನೂ ಕಳೆಯಬೇಕು.

ಹಾಕಿದ ದಿನ ಹಲಗೆಯ ಮೇಲೆ ಮಂಡಿಯೂರಿ ಕೂತು ನಡುವೆ ಭಾರ ಹಾಕಿ, ಕೆಳಗೆ ಟಾರ್ಚ್ ಬಿಟ್ಟು ದಿಬ್ಬಕ್ಕೆ ತಾಗುತ್ತಿದೆಯೇ ನೋಡಿ. ತಾಗಿದರೆ ದಿಬ್ಬಕ್ಕೆ ತಾಗದಂತೆ ಅದರ ಆಚೀಚೆ ಇನ್ನೊಂದು ಅಡ್ಡ ರೀಪು ಸೇರಿಸಿ. ಮೊದಲ 200 ಕಿ.ಮೀ. ಆದ ಮೇಲೆ ಪ್ರತಿ ರೆಕ್ಕೆ ನಟ್ಟು, ಪ್ರತಿ ಲಾಕ್ ನಟ್ಟು ಮತ್ತೊಮ್ಮೆ ಬಿಗಿಯಿರಿ, ರಬ್ಬರ್ ಅಷ್ಟರಲ್ಲಿ ಒಂದಿಷ್ಟು ಕುಸಿದಿರುತ್ತದೆ. ಸರ್ವಿಸಿಗೆ ಬಿಡುವ ಹಿಂದಿನ ರಾತ್ರಿ ಹಲಗೆ ತೆಗೆದು ಮನೆಯಲ್ಲಿಡಿ, ವರ್ಕ್‌ಶಾಪಿನ ಹುಡುಗರು ಅವಸರದಲ್ಲಿ ಅದನ್ನು ತಿರುಗುಮುರುಗಾಗಿ ತುರುಕಿದರೆ ಜಾಲರಿ ಮುಚ್ಚುತ್ತದೆ. ಬ್ಯಾಟರಿ ಫ್ಯಾನಿನ ಫಿಲ್ಟರ್ ಶುಚಿ ಮಾಡಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಮಳೆಗಾಲ ಮುಗಿದೊಡನೆ ಮೂರೂ ತುಂಡುಗಳನ್ನು ಬಿಸಿಲಿಗೆ ನಿಲ್ಲಿಸಿ, ಕೆಳಗಿನ ತಗಡನ್ನು ಒಣ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತಿದರೆ ಯಾವುದೋ ಒಂದು ಕಾಲಿನ ರಬ್ಬರ್ ಜರುಗಿದೆ, ಅದನ್ನು ಹುಡುಕಿ.